ಕ್ಯಾರವಾನ್ ತೂಕಮೀಮಾಂಸೆ: ಒಂದು ಅಪೂರ್ಣ ಭಾಷ್ಯ

ಯಾವ ಶಾಸ್ತ್ರವಾದರೂ ಅದಕ್ಕೆ ಅಧಿಕಾರಿ ಯಾರು ಎಂಬ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಕ್ಯಾರವಾನ್ ಎಳೆಯುವ ಶಾಸ್ತ್ರವೂ ಇದಕ್ಕೆ ಹೊರತಲ್ಲ. ಬ್ರಿಟನ್ನಿನಲ್ಲಿ ಕಾರಿನ ಬೆನ್ನಿಗೆ ಅಡುಗೆಮನೆ, ಮಂಚ, ಕಕ್ಕಸು ಸಮೇತ ಒಂದು ಬಿಡಾರವನ್ನು ಸಿಕ್ಕಿಸಿಕೊಂಡು ಕಾರ್ನ್‌ವಾಲ್ ಕಡೆಗೋ ಸ್ಕಾಟ್ಲೆಂಡ್ ಕಡೆಗೋ ಹೊರಡುವ ಯೋಗ್ಯತೆಯನ್ನು ಬಹುಕಾಲ ನಿರ್ಣಯಿಸಿದ್ದು ಚಾಲಕನ ಪರೀಕ್ಷೆ ಪಾಸಾದ ತಾರೀಖು. ಜಾತಕ ನೋಡಿ ಗೊತ್ತಿರುವ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಯುಗವಿಭಾಗ ಹೀಗಿದೆ. 1997ರ ಜನವರಿ 1ಕ್ಕೆ ಮೊದಲು ಕಾರಿನ ಪರೀಕ್ಷೆ ಪಾಸಾದವರದು ಕೃತಯುಗ. ಎಳೆಯುವುದು, ಎಳೆಸಿಕೊಳ್ಳುವುದು ಎರಡೂ ಸೇರಿ 8,250 ಕಿಲೋ ತೂಗುವ ಜೋಡಿಯನ್ನು ಅವರಲ್ಲಿ ಹೆಚ್ಚಿನವರು ಓಡಿಸಬಹುದು. ಜೀವಮಾನದಲ್ಲಿ ತರಕಾರಿ ಗಾಡಿಯನ್ನೂ ತಳ್ಳದವನಿಗೂ ಈ ಹಕ್ಕುಂಟು. ಅವನು ಹುಟ್ಟಬೇಕಾದ ಹೊತ್ತಿಗೆ ಹುಟ್ಟಿದ್ದ, ಅಷ್ಟೆ. ಎಪ್ಪತ್ತು ತುಂಬಿದಾಗ ಮಾತ್ರ ಪುಣ್ಯಕ್ಷಯ. ಲೈಸೆನ್ಸ್ ನವೀಕರಿಸುವಾಗ ವೈದ್ಯಕೀಯ ತಪಾಸಣೆ ದಾಟದಿದ್ದರೆ ಆ ದೊಡ್ಡ ಅಂಕಿ ಉದುರಿಹೋಗಿ ಹಿರಿಯರು ಮಿಕ್ಕವರ ಸಾಲಿಗೆ ಇಳಿಯುತ್ತಾರೆ.

ತ್ರೇತೆ, ದ್ವಾಪರಗಳನ್ನು ಶಾಸನಕರ್ತರು ಕೈಬಿಟ್ಟರು. 1997ರಿಂದ ಮುಂದೆ ನೇರ ಕಲಿಯುಗ. ಈ ಯುಗದವರು 750 ಕಿಲೋವರೆಗಿನ ಟ್ರೇಲರನ್ನು ಎಳೆಯಬಹುದಿತ್ತು. ಅದಕ್ಕಿಂತ ಭಾರದ್ದು ಬೇಕೆಂದರೆ ಕಾರು, ಟ್ರೇಲರ್ ಎರಡರ ಗರಿಷ್ಠ ತೂಕ ಕೂಡಿದಾಗ 3,500 ಕಿಲೋ ಮೀರುವಂತಿರಲಿಲ್ಲ. ಮೀರಿದರೆ ಬಿ+ಇ ಎಂಬ ಇನ್ನೊಂದು ಪರೀಕ್ಷೆ. ಬೆಂಗಳೂರಿನಿಂದ ಹೋಗಿ ರೆಡಿಂಗಿನಲ್ಲೋ ಸ್ಲೌನಲ್ಲೋ ಮನೆ ಮಾಡಿದ ಸಾಫ್ಟ್‌ವೇರ್ ಎಂಜಿನಿಯರು ಈ ವರ್ಗದವನು. ಭಾರತದ ಲೈಸೆನ್ಸು ಅಲ್ಲಿ ನೆಲೆಸಿದ ಮೇಲೆ ಹನ್ನೆರಡು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಅಲ್ಲಿನ ಪರೀಕ್ಷೆ ಕೊಡಲೇಬೇಕು. ಹೀಗಾಗಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕ್ಲಚ್ ಒತ್ತುತ್ತಲೇ ಪ್ರಾಯ ಕಳೆದವನೂ ಅಲ್ಲಿ ಹೊಸದಾಗಿ ಹುಟ್ಟಬೇಕು. ಪೂರ್ವಜನ್ಮದ ಸಾಧನೆ ಲೆಕ್ಕಕ್ಕಿಲ್ಲ.

2021ರ ಡಿಸೆಂಬರ್ 16ರಂದು ಎಲ್ಲರಿಗೂ ಒಟ್ಟಿಗೆ ಮೋಕ್ಷವಾಯಿತು. ಕಾರಿನ ಲೈಸೆನ್ಸ್ ಇದ್ದವರೆಲ್ಲ, ಯಾವ ಯುಗದವರೇ ಆಗಲಿ, 3,500 ಕಿಲೋವರೆಗಿನ ಟ್ರೇಲರನ್ನು ಎಳೆಯಬಹುದು ಎಂದಾಯಿತು. ಇಂಥ ಅನುಗ್ರಹಕ್ಕೆ ಕಾರಣವೇನು? ಕ್ಯಾರವಾನುಗಳು ಹಗುರಾದವೇ? ಇಲ್ಲ. ಚಾಲಕರಿಗೆ ಜ್ಞಾನೋದಯವಾಯಿತೇ? ಅದರ ಕುರುಹೂ ಕಾಣದು. ದೇಶದಲ್ಲಿ ಲಾರಿ ಓಡಿಸುವವರ ಬರ ಬಿದ್ದಿತ್ತು. ಪರೀಕ್ಷಕರು ಕ್ಯಾರವಾನಿನವರ ಹಿಂದೆ ಕಳೆಯುತ್ತಿದ್ದ ಸಮಯವನ್ನು ಲಾರಿ ಪರೀಕ್ಷೆಗೆ ಉಳಿಸಬೇಕಿತ್ತು. ಲಾರಿಗೆ ಆಳಿಲ್ಲ, ಆದ್ದರಿಂದ ಕ್ಯಾರವಾನಿಗೆ ಪರೀಕ್ಷೆ ಬೇಡ. ನ್ಯಾಯಶಾಸ್ತ್ರದಲ್ಲಿ ಇಂಥ ಹೇತುವಿಗೆ ಏನು ಹೆಸರಿದೆಯೋ ಬಲ್ಲವರು ತಿಳಿಸಬೇಕು. ಉತ್ತರ ಐರ್ಲೆಂಡಿಗೆ ಈ ಮೋಕ್ಷ ದಕ್ಕಲಿಲ್ಲ. ಅಲ್ಲಿ ಪರೀಕ್ಷೆ ಹಾಗೇ ಉಳಿಯಿತು. ಯುರೋಪಿನ ಒಕ್ಕೂಟದವರದು ಮಧ್ಯಮ ಮಾರ್ಗ: ಜೋಡಿಯ ತೂಕ 3,500ರಿಂದ 4,250 ಕಿಲೋ ನಡುವೆ ಇದ್ದರೆ ಬಿ96. ಜರ್ಮನಿಯಲ್ಲಿ ಅದಕ್ಕೆ ಏಳು ಗಂಟೆಯ ತರಬೇತಿ ಸಾಕು, ಪರೀಕ್ಷೆಯಿಲ್ಲ.

ಅಧಿಕಾರ ಮುಗಿಯಿತು. ಇನ್ನು ಪ್ರಮೇಯ, ಅಂದರೆ ತೂಕ. ಈ ಶಾಸ್ತ್ರದ ತಿರುಳಿರುವುದು ಇಲ್ಲೇ, ಮನೆಮನೆಯಲ್ಲಿ ಜಗಳವಾಗುವುದೂ ಇಲ್ಲೇ.

ಕ್ಯಾರವಾನಿಗೆ ಎರಡು ತೂಕ. ಒಂದು, ಬಾಗಿಲ ಬಳಿ ಅಂಟಿಸಿದ ಫಲಕದಲ್ಲಿ ಬರೆದಿರುವ ಗರಿಷ್ಠ ತೂಕ; ಎಂಟಿಪಿಎಲ್‌ಎಂ ಎಂಬ ಐದಕ್ಷರದ ಮಂತ್ರದಿಂದ ಅದನ್ನು ಕರೆಯುತ್ತಾರೆ. ಇನ್ನೊಂದು, ತೂಕದ ಸೇತುವೆಯ ಮೇಲೆ ನಿಲ್ಲಿಸಿದಾಗ ಮುಳ್ಳು ತೋರಿಸುವ ತೂಕ. ಲೈಸೆನ್ಸಿನ ಮಟ್ಟಿಗೆ ಕಾನೂನು ನೋಡುವುದು ಫಲಕವನ್ನೇ. ಹಿಂದಿನ ಯುಗದಲ್ಲಿ 2,050 ಕಿಲೋ ಗರಿಷ್ಠ ತೂಕದ ಕಾರಿಗೆ 1,500ರ ಫಲಕವಿರುವ ಕ್ಯಾರವಾನ್ ಸಿಕ್ಕಿಸಿದರೆ ಮೊತ್ತ 3,550 ಆಯಿತು, ಅಪರಾಧವೂ ಆಯಿತು. "ಅಲ್ಲಾ ರೀ, ಒಳಗೆ ಒಂದು ಲೋಟಾನೂ ಇಲ್ವಲ್ಲ, ತುಂಬಿದ ಲೆಕ್ಕ ಯಾಕೆ ಹಿಡೀತಾರೆ?" ಎಂಬುದು ಗೃಹಿಣಿಯ ಪೂರ್ವಪಕ್ಷ. "ಲೋಟ ಇಲ್ಲದಿದ್ದರೇನಾಯ್ತೇ, ಇಡಬಹುದಲ್ಲ!" ಎಂಬುದು ಯಜಮಾನರ ಸಿದ್ಧಾಂತ. ಇರುವುದಕ್ಕಿಂತ ಇರಬಹುದಾದದ್ದೇ ಭಾರ ಎಂಬ ಈ ದರ್ಶನವನ್ನು ನಮ್ಮ ಆಚಾರ್ಯರಲ್ಲಿ ಯಾರೂ ಇಷ್ಟು ಧೈರ್ಯವಾಗಿ ಮಂಡಿಸಿದ್ದು ನನಗಂತೂ ನೆನಪಿಲ್ಲ.

ಫಲಕದ ಮಹಿಮೆ ಅಲ್ಲಿಗೇ ನಿಲ್ಲುವುದಿಲ್ಲ. ಕೆಲವು ಕ್ಯಾರವಾನುಗಳಿಗೆ ತಯಾರಕರೇ, ದುಡ್ಡು ತೆಗೆದುಕೊಂಡು, ಹೆಚ್ಚಿನ ಅಂಕಿಯ ಹೊಸ ಫಲಕ ಕೊಡುತ್ತಾರೆ. ಒಂದು ಮೊಳೆ ಬದಲಾಗುವುದಿಲ್ಲ, ಚಕ್ರ ಅದೇ, ಅಚ್ಚು ಅದೇ. ಅಂಟುಕಾಗದ ಬದಲಾದೊಡನೆ ಬಿಡಾರ ಹೆಚ್ಚು ಹೊರಬಲ್ಲದ್ದಾಗುತ್ತದೆ. ನಾಮಕರಣದಿಂದ ಮಗುವಿಗೆ ಬಲ ಬಂತೆಂದು ಹೇಳಿದರೆ ನಗುವವರು ಇದನ್ನು ಎಂಜಿನಿಯರಿಂಗ್ ಎನ್ನುತ್ತಾರೆ.

ಆದರೆ ರಸ್ತೆಯಲ್ಲಿ ಪೊಲೀಸರು ಅಡ್ಡಹಾಕಿ ತೂಕ ಹಾಕಿಸಿದರೆ ಆಗ ಮುಳ್ಳೇ ಪ್ರಮಾಣ. ನಿಜತೂಕ ಫಲಕವನ್ನು ಮೀರುವಂತಿಲ್ಲ. ಕಾರಿನ ಫಲಕದಲ್ಲಿರುವ ಒಟ್ಟು ಜೋಡಿತೂಕವನ್ನೂ ಮೀರುವಂತಿಲ್ಲ; ಆ ಅಂಕಿಯೇ ಕಾಣದಿದ್ದರೆ ಆ ಕಾರು ಎಳೆಯಲು ಹುಟ್ಟಿದ್ದಲ್ಲವೆಂದು ತಿಳಿಯಬೇಕು. ಅಂದಮೇಲೆ ಸಾಮಾನು ಎಷ್ಟು ಹೇರಬಹುದು? ಗರಿಷ್ಠ ತೂಕ 1,500, ಕಾರ್ಖಾನೆಯಿಂದ ಹೊರಟಾಗಿನ ತೂಕ 1,350 ಎಂದಿಟ್ಟುಕೊಳ್ಳಿ. ಉಳಿದದ್ದು 150 ಕಿಲೋ. ಎರಡು ಆಸನಗಳ ನಡುವೆ ಟಿವಿ, ಬಾಗಿಲ ಮುಂದೆ ಹೂಡುವ ಡೇರೆ, ಅದರ ಗೂಟಗಳು, ಮಡಚುವ ಕುರ್ಚಿಗಳು, ಬಟ್ಟೆ, ಮಕ್ಕಳ ಸೈಕಲ್ಲು, ನಾಯಿಯ ಚಾಪೆ: ಇಂಗ್ಲಿಷರ ಗೃಹಸ್ಥಿಕೆಯೇ ಇಷ್ಟನ್ನು ನುಂಗುತ್ತದೆ. ಕನ್ನಡದ ಗೃಹಸ್ಥಿಕೆಗೆ ಇಪ್ಪತ್ತು ಕಿಲೋ ಸೋನಾಮಸೂರಿ ಚೀಲ, ಎರಡು ಕುಕ್ಕರು, ಇಡ್ಲಿ ಪಾತ್ರೆ, ಉಪ್ಪಿನಕಾಯಿ ಜಾಡಿ, ಜೊತೆಗೆ "ಮಿಕ್ಸಿಯಲ್ಲಿ ರುಬ್ಬಿದರೆ ಹಿಟ್ಟು ಹದ ಬರಲ್ಲ" ಎಂಬ ನಂಬಿಕೆಯ ಫಲವಾಗಿ ಕಲ್ಲಿನ ವೆಟ್ ಗ್ರೈಂಡರ್. ತಯಾರಕರು 150ರ ಕಲ್ಪನೆ ಮಾಡುವಾಗ ಬ್ರೆಡ್ಡನ್ನು ಕಣ್ಣಮುಂದಿಟ್ಟುಕೊಂಡಿದ್ದರೆಂಬುದು ಸ್ಪಷ್ಟ.

ಈಗ ಪಂಥಭೇದ. ಎಂಬತ್ತೈದುವಾದಿಗಳು, ನೂರುವಾದಿಗಳು ಎಂದು ಎರಡು ಪಂಥ. ಹೊಸಬನಾದವನು ಕಾರಿನ ಸ್ವಂತ ತೂಕದ ಶೇಕಡ 85ಕ್ಕಿಂತ ಭಾರವಾದ ಕ್ಯಾರವಾನನ್ನು ಎಳೆಯಬಾರದು ಎಂಬುದು ಮೊದಲನೆಯವರ ಮತ. 1,600 ಕಿಲೋ ಕಾರಿಗೆ 1,360. ಪಳಗಿದವನು ನೂರರವರೆಗೆ ಹೋಗಬಹುದು, ದಾಟಬಾರದು ಎಂಬುದು ಎರಡನೆಯವರದು. ವಿಶೇಷವೆಂದರೆ ಇದು ಶ್ರುತಿಯಲ್ಲಿ ಎಲ್ಲೂ ಇಲ್ಲ, ಸ್ಮೃತಿ ಮಾತ್ರ. ಕ್ಯಾರವಾನ್ ಕ್ಲಬ್ಬು, ತಯಾರಕರ ಸಂಘಗಳ ಸಲಹೆ. ಹಾಗಿದ್ದೂ ಬಯಲಿನಲ್ಲಿ ಅಡ್ಡಗಾಳಿ ಬೀಸಿದಾಗ, ದೊಡ್ಡ ಲಾರಿ ಪಕ್ಕದಲ್ಲಿ ಭರ್ರೆಂದು ಹಾದುಹೋದಾಗ ಪಾಲನೆಯಾಗುವುದು ಈ ಸ್ಮೃತಿಯೇ. ಭಾರ ಹಿಂದಕ್ಕೆ ಜಾರಿದ್ದರೆ, ವೇಗ ಹೆಚ್ಚಿದ್ದರೆ, ಬಿಡಾರ ಕಾರಿನ ಬಾಲ ಹಿಡಿದು ಅತ್ತಿತ್ತ ಅಲ್ಲಾಡಿಸತೊಡಗುತ್ತದೆ. ಆಗ ಸ್ಟಿಯರಿಂಗನ್ನು ನೆಟ್ಟಗೆ ಹಿಡಿದು, ಬ್ರೇಕಿನ ಮೇಲೆ ಎಗರದೆ, ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಲೈಸೆನ್ಸಿನ ತಾರೀಖು ಆ ಗಳಿಗೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಈ ಅಲ್ಲಾಟಕ್ಕೆ ಮದ್ದು ಮೂಗುಭಾರ, ಅಂದರೆ ಕೊಂಡಿಯ ಮೇಲೆ ಕ್ಯಾರವಾನಿನ ಮೂತಿ ಒತ್ತುವ ತೂಕ. ಒಟ್ಟು ನಿಜತೂಕದ ಶೇಕಡ 5ರಿಂದ 7 ಇರಬೇಕು, ಕಾರಿನ ಕೊಂಡಿಗೆ ಹೇಳಿದ ಮಿತಿಯನ್ನೂ ದಾಟಬಾರದು. 1,400 ಕಿಲೋ ಬಿಡಾರಕ್ಕೆ 70ರಿಂದ 98. ಇದನ್ನು ನಮ್ಮ ಗಾಡಿ ಹೊಡೆಯುವವರು ಪುಸ್ತಕ ಓದದೆಯೇ ಬಲ್ಲರು. ಎತ್ತಿನ ಗಾಡಿ ಹಿಂಭಾರವಾದರೆ ಮೂಕಿ ಮೇಲೆದ್ದು ನೊಗದ ಕಣ್ಣಿ ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ನಜ್ಜಾಗುತ್ತದೆ. ಅವರು ಹುಲ್ಲುಹೊರೆಯನ್ನು ಒಂದು ಮೊಳ ಹಿಂದೆ ಮುಂದೆ ಸರಿಸುತ್ತಾರೆ. ಇಲ್ಲಿ ಗ್ರೈಂಡರನ್ನು ಅಚ್ಚಿನ ನೇರಕ್ಕೆ, ನೆಲದ ಮೇಲೆ ಇಡಬೇಕು. ತಲೆಯ ಮೇಲಿನ ಕಪಾಟಿನಲ್ಲಿ ಟವೆಲ್ಲು ಮಾತ್ರ.

ಮೂಲಪುರುಷರನ್ನು ಸ್ಮರಿಸದೆ ಭಾಷ್ಯ ಮುಂದುವರಿಸುವುದು ಅಪಚಾರ. 1885ರಲ್ಲಿ ಬ್ರಿಸ್ಟಲಿನ ಕಾರ್ಖಾನೆಯೊಂದು ನೌಕಾಪಡೆಯ ಮಾಜಿ ವೈದ್ಯ, ಹುಡುಗರ ಸಾಹಸಕಥೆಗಳ ಲೇಖಕ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅವರಿಗಾಗಿ 'ವಾಂಡರರ್' ಎಂಬ ವಿಹಾರದ ಬಂಡಿ ಕಟ್ಟಿಕೊಟ್ಟಿತು. ಎರಡು ಟನ್ನಿನ ಆಸುಪಾಸಿನ ಅದನ್ನು ಎರಡು ಕುದುರೆಗಳು ಎಳೆದವು. ಎದುರಿನಿಂದ ಬರುವವರನ್ನು ಎಚ್ಚರಿಸಲು ಮುಂದೆ ಮುಂದೆ ಒಬ್ಬ ಸೇವಕ ಮೂರು ಗಾಲಿಯ ಸೈಕಲ್ಲಿನಲ್ಲಿ ಹೋಗುತ್ತಿದ್ದ. ಎಂಬತ್ತೈದುವಾದಿಗಳ ಪ್ರಕಾರ ಆ ಕುದುರೆಗಳು ಮೊದಲ ದಿನವೇ ಅನರ್ಹ. ಹಾಗಿದ್ದರೂ ಸ್ಟೇಬಲ್ಸ್ ಆ ಬಂಡಿಯಲ್ಲಿ ಇನ್ವರ್ನೆಸ್ ತಲುಪಿದರು.

ಸಣ್ಣಪುಟ್ಟ ವಿಧಿಗಳನ್ನು ಬೇಗ ಮುಗಿಸುತ್ತೇನೆ. ಮೋಟಾರುಮಾರ್ಗದಲ್ಲಿ ಗಂಟೆಗೆ 60 ಮೈಲಿ; ಮೂರು ಅಥವಾ ಹೆಚ್ಚು ಸಾಲುಗಳಿದ್ದಲ್ಲಿ ತೀರಾ ಬಲಗಡೆಯ ಸಾಲು ನಿಷಿದ್ಧ. ಅಗಲ 2.55 ಮೀಟರ್ ಮೀರಬಾರದು. ಕ್ಯಾರವಾನ್ ಕಾರಿಗಿಂತ ಅಗಲವಾಗಿದ್ದರೆ ಕೈಚಾಚಿದ ಕನ್ನಡಿಗಳು ಬೇಕು. ಹಿಂದುಗಡೆ ಕಾರಿನ ನಂಬರೇ ಇರಬೇಕು; ಸಾಲಾಗಿ ಹಿಂದೆ ತೆವಳುತ್ತಿರುವ ಇಪ್ಪತ್ತು ಕಾರುಗಳವರು ಅದನ್ನು ಕಂಠಪಾಠ ಮಾಡಿರುತ್ತಾರೆ. ಚಲಿಸುವಾಗ ಒಳಗೆ ಯಾರೂ ಮಲಗುವಂತಿಲ್ಲ.

ಕೊನೆಗೆ ಹಿಮ್ಮುಖಪ್ರಕರಣ. ರದ್ದಾದ ಬಿ+ಇ ಪರೀಕ್ಷೆಯಲ್ಲಿ ರಿವರ್ಸ್ ತೆಗೆದು ತೋರಿಸಬೇಕಿತ್ತು, ಕೊಂಡಿ ಬಿಚ್ಚಿ ಹಾಕಬೇಕಿತ್ತು. ಈಗ ಆ ಪರೀಕ್ಷೆ ನಡೆಯುವುದು ಕ್ಯಾಂಪ್‌ಸೈಟಿನಲ್ಲಿ, ಮಡಚುವ ಕುರ್ಚಿಗಳಲ್ಲಿ ಚಹಾ ಹಿಡಿದು ಕುಳಿತ ಪರೀಕ್ಷಕರ ಮುಂದೆ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಬಿಡಾರ ಬಲಕ್ಕೆ ಹೋಗುತ್ತದೆ. "ಎಡಕ್ಕೆ ರೀ, ಎಡಕ್ಕೆ!" "ನನ್ನ ಎಡವೋ ಅದರ ಎಡವೋ, ಮೊದಲು ಹೇಳು ಮಾರಾಯ್ತಿ." ಈ ವಾದಕ್ಕೆ ಪರಿಹಾರವಾಗಿ ಚಕ್ರಕ್ಕೆ ಒತ್ತಿಕೊಂಡು ಕ್ಯಾರವಾನನ್ನು ತಾನೇ ಸರಿಸುವ ಒಂದು ಮೋಟಾರು ಸಿಗುತ್ತದೆ. ರಿಮೋಟಿನ ಗುಂಡಿ ಒತ್ತಿದರೆ ಸಾಕು, ದಾಂಪತ್ಯ ಉಳಿಯುತ್ತದೆ. ಆ ಮೋಟಾರಿನ ತೂಕ ಸುಮಾರು 30 ಕಿಲೋ, ಬ್ಯಾಟರಿ ಬೇರೆ. ಎಲ್ಲವೂ ಹೇರಬಹುದಾದ ಆ 150ರಲ್ಲೇ ಕಳೆಯಬೇಕು. ಏನನ್ನು ಕೆಳಗಿಳಿಸಬೇಕೆಂಬ ವಿಚಾರಕ್ಕೆ ಈ ಶಾಸ್ತ್ರ ಕೈಹಾಕುವುದಿಲ್ಲ. ಅದು ಅಡುಗೆಮನೆಯವರ ಅಧಿಕಾರಕ್ಕೆ ಸೇರಿದ್ದು.