ದೇವರನ್ನು ಅಳತೆಯೊಳಗೆ ಇಟ್ಟುಕೊಳ್ಳುವ ಕ್ರಮ

ದೇವರು ದೊಡ್ಡವನು ಎಂದು ಭಾನುವಾರ ಗಟ್ಟಿಯಾಗಿ ಹಾಡಿ. ಹಾಡುವುದರಿಂದ ನಷ್ಟವಿಲ್ಲ. ಆದರೆ ಸೋಮವಾರ ಬೆಳಿಗ್ಗೆ ತೋಟಕ್ಕೆ ಇಳಿಯುವ ಹೊತ್ತಿಗೆ ಆತನನ್ನು ಕೈಗೆ ಸಿಗುವ ಗಾತ್ರಕ್ಕೆ ತಂದುಕೊಂಡಿರಬೇಕು. ಅಳತೆ ಮೀರಿದ ದೇವರನ್ನು ಇಟ್ಟುಕೊಂಡು ಕೊಡಗಿನಂಥ ಜಿಲ್ಲೆಯಲ್ಲಿ ಸಂಸಾರ ಸಾಗಿಸುವುದು ಕಷ್ಟ. ಇಲ್ಲಿ ಹೇಳುವ ಕ್ರಮ ಕ್ಯಾಥೊಲಿಕರಿಗೂ ಸಿ.ಎಸ್.ಐ. ಸಭೆಯವರಿಗೂ ಸಿರಿಯನ್ನರಿಗೂ ಪೆಂತೆಕೋಸ್ತಿನವರಿಗೂ ಒಂದೇ ಸಮ ಹೊಂದುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ನಡುವೆ ಎಂದೂ ಭಿನ್ನಾಭಿಪ್ರಾಯ ಬಂದಿಲ್ಲ.

ಮಳೆಯಿಂದ ಶುರುಮಾಡಿ. ಮಾರ್ಚ್ ಹತ್ತಿರ ಬಂದೊಡನೆ ಅಂಗಳದ ಮಳೆಮಾಪಕವನ್ನು ತೊಳೆದಿಡಿ. ರೊಬಸ್ಟಾಕ್ಕೆ ಹೂಮಳೆ ಬೇಕು. ಸುಮಾರು ಒಂದು ಇಂಚು ಸರಿಯಾಗಿ ಬಿದ್ದರೆ ಹತ್ತು ದಿನದೊಳಗೆ ತೋಟ ಬೆಳ್ಳಗಾಗುತ್ತದೆ. ಕೆಲವು ವಾರ ಬಿಟ್ಟು ಇನ್ನೊಂದು ಮಳೆ ಬಂದರೆ ಕಾಯಿ ಕಚ್ಚುತ್ತದೆ. ಇಪ್ಪತ್ತು ಸೆಂಟು ಬಿದ್ದು ನಿಂತರೆ ಹೂವೂ ಅರೆಬರೆ, ವರ್ಷವೂ ಅರೆಬರೆ. ಆದ್ದರಿಂದ ಪ್ರಾರ್ಥನೆಯಲ್ಲಿ ಎಷ್ಟು ಇಂಚು, ಎಷ್ಟು ಸೆಂಟು, ಯಾವ ಬ್ಲಾಕಿಗೆ ಮೊದಲು ಎಂಬುದನ್ನು ಬಿಡಿಸಿ ಹೇಳಿ. ನಿನ್ನ ಚಿತ್ತದಂತೆ ಆಗಲಿ ಎಂಬ ಮಾತನ್ನು ಕೊನೆಯಲ್ಲಿ ಸೇರಿಸಿ, ಆದರೆ ಬೇಗ ಹೇಳಿ ಎದ್ದುಬಿಡಿ. ಆ ಮಾತಿನ ಮೇಲೆ ಹೆಚ್ಚು ಹೊತ್ತು ನಿಂತವರು ಕೆಟ್ಟಿದ್ದಾರೆ. ಪಕ್ಕದ ತೋಟದವರ ಕಾಫಿ ಇನ್ನೂ ಕಣದಲ್ಲಿ ಒಣಗುತ್ತಿದ್ದು, ಅವರು ಅದೇ ಚರ್ಚಿನ ಹಿಂದಿನ ಬೆಂಚಿನಲ್ಲಿ ನಾಲ್ಕು ದಿನದ ಬಿಸಿಲಿಗಾಗಿ ಮೊಣಕಾಲೂರಿದ್ದರೆ ನಿಮಗೇನು? ಯಾರದು ಎಷ್ಟು ಎಕರೆ, ಗಂಟೆಗೋಪುರದ ದುರಸ್ತಿಗೆ ಯಾರು ಎಷ್ಟು ಕೊಟ್ಟಿದ್ದಾರೆ ಎಂಬುದು ದೇವರಿಗೆ ಗೊತ್ತಿದೆ ಎಂದು ನಂಬಿ.

ಮಳೆ ಬಿದ್ದರೆ ಸಾಕ್ಷಿ ಹೇಳಿ. ನಮ್ಮ ಬೇಲಿಯವರೆಗೆ ಬಂದು ನಿಂತಿತು ಎಂದು ಹೇಳಿದರೆ ಇನ್ನೂ ಒಳ್ಳೆಯದು, ಸಭೆ ಆಮೆನ್ ಎನ್ನುತ್ತದೆ. ಸ್ಪ್ರಿಂಕ್ಲರ್ ಹಾಕಿ ಹೂ ಬರಿಸಿದ್ದರೆ ಡೀಸೆಲ್ ಖರ್ಚಿನ ಮಾತು ಎತ್ತಬೇಡಿ. ಆನೆ ನಿಮ್ಮ ಸೋಲಾರ್ ಬೇಲಿ ಬಿಟ್ಟು ಪಕ್ಕದವರ ಬಾಳೆ ಮುರಿದರೆ ಅದನ್ನೂ ದೈವಕೃಪೆಯ ಖಾತೆಗೆ ಬರೆಯಿರಿ. ನಿಮ್ಮದನ್ನೇ ಮುರಿದರೆ ಅರಣ್ಯ ಇಲಾಖೆಗೆ ಬರೆಯಿರಿ. ಎರಡು ಖಾತೆಗಳನ್ನು ಎಂದೂ ಬೆರೆಸಬೇಡಿ.

ಬೆಲೆಯ ವಿಷಯದಲ್ಲಿಯೂ ಇದೇ ನಿಯಮ. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತಲ್ಲ, ಅದನ್ನು ನಿಮ್ಮ ಮನೆಯ ಕುಟುಂಬ ಪ್ರಾರ್ಥನೆಯ ಫಲವೆಂದು ದಾಖಲಿಸಿ. ವಿಯೆಟ್ನಾಮಿನ ಡಾಕ್ ಲಾಕ್ ಕಡೆ ಬರ ಬಿದ್ದು ಗಿಡ ಒಣಗಿದ್ದನ್ನೂ ಬ್ರೆಜಿಲಿನಲ್ಲಿ ಮಳೆ ಕೈಕೊಟ್ಟಿದ್ದನ್ನೂ ಪತ್ರಿಕೆಯ ವಾಣಿಜ್ಯ ಪುಟದಲ್ಲೇ ಬಿಡಿ. ಡಾಕ್ ಲಾಕಿನ ಗುಡ್ಡಗಾಡಿನ ಕಾಫಿ ಬೆಳೆಗಾರರಲ್ಲಿ ಕ್ರೈಸ್ತರು ಬಹಳ ಇದ್ದಾರೆ, ಅವರೂ ಆ ವರ್ಷ ಮಳೆಗಾಗಿಯೇ ಮೊರೆಯಿಟ್ಟಿರಬೇಕು. ಈ ಯೋಚನೆ ಒಮ್ಮೆ ತಲೆಗೆ ಹೊಕ್ಕರೆ ಸಾಕ್ಷಿ ಹೇಳಲು ನಾಲಗೆ ಏಳುವುದಿಲ್ಲ.

ಯೋಬನ ಗ್ರಂಥವನ್ನು ಓದಲೇಬೇಕೆನಿಸಿದರೆ 37ನೇ ಅಧ್ಯಾಯಕ್ಕೆ ಮುಚ್ಚಿಡಿ. 38ರಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತಾಡತೊಡಗುತ್ತಾನೆ. ಯೋಬ ಕೇಳಿದ ಒಂದು ಪ್ರಶ್ನೆಗೂ ಉತ್ತರ ಕೊಡದೆ, ಮನುಷ್ಯರೇ ಇಲ್ಲದ ಬೆಂಗಾಡಿನ ಮೇಲೆ ಮಳೆ ಸುರಿಸುವವನು ಯಾರೆಂದು ತಿರುಗಿ ಕೇಳುತ್ತಾನೆ. ಒಂದು ಕಾಫಿ ಗಿಡವೂ ಇಲ್ಲದ ಜಾಗದಲ್ಲಿ ಮಳೆ! ಪುಷ್ಪಗಿರಿ, ಬ್ರಹ್ಮಗಿರಿಯ ಕಾಡುಗಳ ಮೇಲೆ ಪ್ರತಿ ಮುಂಗಾರಿನಲ್ಲಿ ಯಾರ ಪುಸ್ತಕಕ್ಕೂ ಸಿಗದೆ ಸುರಿಯುವ ಇಂಚುಗಳನ್ನು ನೆನೆಸಿಕೊಳ್ಳಬೇಡಿ. ಹೊಟ್ಟೆ ಉರಿಯುತ್ತದೆ.

ಅದೇ ಗ್ರಂಥದಲ್ಲಿ ನಿಮಗೆ ಉಪಯೋಗಕ್ಕೆ ಬರುವವರು ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು. ಎಲ್ಲ ಕಳೆದುಕೊಂಡವನ ಎದುರು ಕುಳಿತು, ನೀನು ಏನೋ ಮಾಡಿರಬೇಕು ಎಂದು ವಿವರಿಸಿದವರು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ಜೋಡುಪಾಲದ ಕಡೆ ಗುಡ್ಡ ಜರಿದು, ಮನೆ ತೋಟ ಎಲ್ಲ ಮಣ್ಣಿನಡಿ ಹೋಗಿ, ಉಟ್ಟ ಬಟ್ಟೆಯಲ್ಲಿ ಜನ ಪರಿಹಾರ ಕೇಂದ್ರಗಳಿಗೆ ಬಂದಾಗ ಈ ಮೂವರ ಶಿಷ್ಯರಿಗೆ ಕೈತುಂಬ ಕೆಲಸವಿತ್ತು. ಮುಂದೆಯೂ ಇರುತ್ತದೆ, ತಯಾರಾಗಿರಿ. ಕಂಬಳಿ ಕೊಡುವ ಮೊದಲು ಕಾರಣ ಕೊಡಿ. ಶಿಕ್ಷೆ ಎನ್ನಿ, ಪರೀಕ್ಷೆ ಎನ್ನಿ, ಎಚ್ಚರಿಕೆ ಎನ್ನಿ; ಗುಡ್ಡದ ಬುಡ ಕಡಿದು ಸಮತಟ್ಟು ಮಾಡಿದ ವಿಷಯ ಮಾತ್ರ ಬೇಡ, ಅದರಲ್ಲಿ ಗುರುತಿನವರ ಹೆಸರು ಬರುವ ಸಂಭವವಿದೆ. ಆ ಮೂವರು ಬಾಯಿ ತೆರೆಯುವ ಮೊದಲು ಏಳು ದಿನ ಯೋಬನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರಂತೆ. ಅದನ್ನು ಅನುಸರಿಸಬೇಡಿ. ಅವರು ಮಾಡಿದ ತಪ್ಪು ಅದೊಂದೇ.

ಇನ್ನು ಚರಿತ್ರೆ. ಕೊಡಗಿನಲ್ಲಿ ದೇವರನ್ನು ಚಿಕ್ಕದಾಗಿ ಇಟ್ಟುಕೊಳ್ಳಬಯಸುವವರಿಗೆ ದೊಡ್ಡ ಅಡ್ಡಿ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯಿರಿ. ಅದಕ್ಕೆ ಜಾಗ ಕೊಟ್ಟವರು ಯಾರೆಂದು ಕೇಳಿದರೆ ಐಸ್‌ಕ್ರೀಮ್ ಕೊಡಿಸಿ. ಹೇಳಿದಿರೋ, ಕಥೆ ಹೀಗೆ ಬಿಚ್ಚಿಕೊಳ್ಳುತ್ತದೆ: ಟಿಪ್ಪುವಿನ ಕೈಯಿಂದ ತಪ್ಪಿಸಿಕೊಂಡು ಬಂದ ಕ್ಯಾಥೊಲಿಕರಿಗೆ 1792ರಲ್ಲಿ ನೆಲೆ ಕೊಟ್ಟವನು ಹಾಲೇರಿಯ ಲಿಂಗಾಯತ ದೊರೆ ದೊಡ್ಡ ವೀರರಾಜೇಂದ್ರ. ಅವನೂ ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡವನು. ಹಾಗಾದರೆ ಆ ರಾಜನ ಮನಸ್ಸಿಗೆ ಅದನ್ನು ಹಾಕಿದ್ದು ಯಾವ ದೇವರು ಎಂದು ಮಗು ಕೇಳುತ್ತದೆ. ನಿಮ್ಮದು ಎಂದರೆ, ಆತ ಆಗಲೇ ಚರ್ಚಿನ ಹೊರಗೆ ಓಡಾಡುತ್ತಿದ್ದ ಎಂದು ಒಪ್ಪಿದಂತಾಯಿತು. ಅಲ್ಲ ಎಂದರೆ, ನಿಮ್ಮ ಪೀಠದ ಅಡಿಯ ನೆಲವೇ ಪರರದ್ದಾಯಿತು. ಐಸ್‌ಕ್ರೀಮ್ ಅಗ್ಗ.

ಮಡಿಕೇರಿ ಕೋಟೆಯೊಳಗಿನ ಹಳೆಯ ಸೇಂಟ್ ಮಾರ್ಕ್ಸ್ ಚರ್ಚಿಗೆ ನೆಂಟರನ್ನು ಕರೆದೊಯ್ಯಬೇಡಿ. ಬ್ರಿಟಿಷರು 1855ರಲ್ಲಿ ಅಲ್ಲಿದ್ದ ವೀರಭದ್ರ ಗುಡಿಯನ್ನು ತೆಗೆದು ಚರ್ಚು ಕಟ್ಟಿದರು. ಆಮೇಲೆ ಚರ್ಚೂ ಮುಚ್ಚಿತು. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಬಣ್ಣದ ಗಾಜಿನ ಕಿಟಕಿಯ ಬೆಳಕು ಹಳೆಯ ಕಲ್ಲಿನ ವಿಗ್ರಹಗಳ ಮೇಲೆ ಬೀಳುತ್ತದೆ, ಅವುಗಳಲ್ಲಿ ಜೈನ ಮೂರ್ತಿಗಳೂ ಇವೆ. ದೇವರಿಗೆ ಕಾಯಂ ವಿಳಾಸ ಬರೆದುಕೊಟ್ಟವರಿಗೆ ಇದು ಒಳ್ಳೆಯ ನೋಟವಲ್ಲ. ನೆಂಟರಿಗೆ ರಾಜಾಸೀಟು ತೋರಿಸಿ, ಮಂಜು ಇದ್ದರೆ ಇನ್ನೂ ಉತ್ತಮ, ಏನೂ ಕಾಣುವುದಿಲ್ಲ.

ಹರ್ಮನ್ ಮೋಗ್ಲಿಂಗನನ್ನು ಹೊಗಳುವಾಗಲೂ ಹುಷಾರು. 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ್ದನ್ನು ಹೇಳಿ. ಸುವಾರ್ತೆ ಸಾರಲು ಬಂದವನು ಕುಳಿತು ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚು ಹಾಕಿಸಿದ್ದನ್ನು ಬಿಡಿ. ಕಿಟ್ಟೆಲ್ ಅವರ ನಿಘಂಟನ್ನು ಹೇಳಿ. ಅವರು 1862ರಲ್ಲಿ ಕಥಾಮಾಲೆಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹಾಡಿದ್ದನ್ನು ಬಿಡಿ.

ದೇವರನ್ನು ಶಿಫಾರಸಿಗೆ ಬಳಸುವುದು ಹೇಗೆಂದು ತಿಳಿಯಬೇಕಾದರೆ ಕೊಡಗಿನ ದೊರೆ ಚಿಕ್ಕವೀರರಾಜೇಂದ್ರನನ್ನು ನೋಡಿ. 1834ರಲ್ಲಿ ರಾಜ್ಯ ಕಳೆದುಕೊಂಡವನು, ಕಂಪನಿಯ ಹತ್ತಿರವಿದ್ದ ತನ್ನ ಹಣ ಕೇಳಲು ಲಂಡನ್ನಿಗೆ ಹೋಗಿ, ಮಗಳು ಗೌರಮ್ಮನನ್ನು ರಾಣಿಯ ಆಶ್ರಯಕ್ಕೆ ಒಪ್ಪಿಸಿದ. 1852ರ ಜೂನ್ 30ರಂದು ಅವಳಿಗೆ ದೀಕ್ಷಾಸ್ನಾನವಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಇದಕ್ಕಿಂತ ಮೇಲಿನ ಶಿಫಾರಸು ಭೂಮಿಯ ಮೇಲೆ ಇರಲಿಲ್ಲ. ರಾಜ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ, ಐದು ವರ್ಷಕ್ಕೆ ಮಗಳೂ ಹೋದಳು. ಕ್ರಮ ಸರಿಯಾಗಿತ್ತು, ಫಲ ಬರಲಿಲ್ಲ ಅಷ್ಟೆ. ನೀವು ಧೈರ್ಯಗೆಡಬೇಡಿ, ನೊವೇನಾ ಮುಂದುವರಿಸಿ.

ಮದುವೆಯ ಮಾತು ಬಂದಾಗ ಎಲ್ಲರೂ ಕ್ರಿಸ್ತನಲ್ಲಿ ಒಂದೇ ಎಂದು ಮೊದಲು ಹೇಳಿ, ಆಮೇಲೆ ಮನೆತನ ವಿಚಾರಿಸಿ. ಮೋಗ್ಲಿಂಗ್ ಕಟ್ಟಿದ ಆನಂದಪುರದಲ್ಲಿ ಮೊದಲು ಸಭೆಗೆ ಸೇರಿದವರು ಜೀತಕ್ಕಿದ್ದ ದಲಿತ ಕುಟುಂಬಗಳು ಎಂಬುದನ್ನು ವಾರ್ಷಿಕೋತ್ಸವದ ಭಾಷಣದಲ್ಲಿ ಅಭಿಮಾನದಿಂದ ನೆನೆಯಿರಿ. ಸಂಬಂಧ ನೋಡುವಾಗ ನೆನೆಯಬೇಡಿ.

ಉಳಿದಿರುವುದು ಭಾಷೆ. ಈ ಜಿಲ್ಲೆಯಲ್ಲಿ ಕೊಂಕಣಿ, ತಮಿಳು, ಮಲಯಾಳ, ಕನ್ನಡ ಇಷ್ಟರಲ್ಲೂ ಕ್ರೈಸ್ತರು ಪ್ರಾರ್ಥಿಸುತ್ತಾರೆ. ದೇವರಿಗೆ ನಿಮ್ಮದು ಮಾತೃಭಾಷೆ, ಮಿಕ್ಕವು ಕಲಿತದ್ದು ಎಂದು ಇಟ್ಟುಕೊಳ್ಳಿ. ಪೂಜೆಯ ಹೊತ್ತನ್ನು ಯಾವ ಭಾಷೆಗೆ ಏಳು ಗಂಟೆಗೆ, ಯಾವುದಕ್ಕೆ ಒಂಬತ್ತಕ್ಕೆ ಎಂದು ಹಂಚುವ ಸಭೆಗೆ ತಪ್ಪದೆ ಹೋಗಿ, ಬಿಟ್ಟುಕೊಡಬೇಡಿ. ಪಂಚಾಶತ್ತಮ ದಿನದಂದು ಪ್ರತಿಯೊಬ್ಬನಿಗೂ ಅವನವನ ಮಾತಿನಲ್ಲೇ ಕೇಳಿಸಿತು ಎಂಬ ವೃತ್ತಾಂತ ಬಂದಾಗ ಮೈಕಿನ ವೈರು ಸರಿಪಡಿಸಲು ಏಳಿ. ಹಣ್ಣು ಕೊಯ್ಯುವ ಎರವರ ಮುದುಕಿ ಸಂಜೆ ಚೀಲ ಇಳಿಸುತ್ತಾ, "ಅಯ್ಯಾ, ನಿಮ್ಮ ಸ್ವಾಮಿಗೆ ನಮ್ಮ ಮಾತು ತಿಳೀತದಾ?" ಎಂದು ಕೇಳಿದರೆ ಯೋಚಿಸಲು ನಿಲ್ಲಬೇಡಿ. ರೈಟರನ್ನು ಕರೆಯಿರಿ, ಚೀಲ ತೂಗಿಸಿ, ಎಲೆ ಕಡ್ಡಿಗೆಂದು ಎರಡು ಕಿಲೋ ಕಳೆದು ಬರೆಸಿ, ಮುಂದಿನವರನ್ನು ಬರಹೇಳಿ.