ಮೊದಲ ರ‍್ಯಾಂಕಿನ ಮೇಲೆ ಧೂಳು

ಜರ್ಮನಿಯ ಎರ್ಲಾಂಗೆನ್‌ನಲ್ಲಿ ಭಾನುವಾರ ಅಂಗಡಿಗಳಿಗೆ ಬೀಗ. ಗೋಡೆಗೆ ಮೊಳೆ ಹೊಡೆದರೂ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಆಸ್ಪತ್ರೆಯ ಸ್ಕ್ಯಾನರ್ ತಯಾರಿಸುವ ಈ ಊರಿಗೆ ಬೆಂಗಳೂರಿನಿಂದ ಕೆಲಸಕ್ಕೆಂದು ಬಂದ ನಮ್ಮ ಎಂಜಿನಿಯರು ಮಹಾಶಯರಿಗೆ ಅಂಥ ನಿಶ್ಶಬ್ದವೇ ಬೇಕು. ಕಪಾಟಿನ ಮುಂದೆ ಚಕ್ಕಂಬಕ್ಕಲ ಹಾಕಿ ಕೂತು ಅವರು ತಮ್ಮ ಜಪಾನಿ ಅನಿಮೆ ಸಂಗ್ರಹಕ್ಕೆ ರ‍್ಯಾಂಕು ಕೊಡುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ನಡುಗಿ ಬೆಳೆದ ಜೀವಕ್ಕೆ ಅಂಕಪಟ್ಟಿಯಿಲ್ಲದ ಪ್ರೀತಿ ರುಚಿಸುವುದಿಲ್ಲ.

ಅದಕ್ಕೊಂದು ಎಕ್ಸೆಲ್ ಹಾಳೆ. ಕಥೆಗೆ ಇಷ್ಟು, ಚಿತ್ರಕ್ಕೆ ಇಷ್ಟು, ಸಂಗೀತಕ್ಕೆ ಇಷ್ಟು, ಮುಕ್ತಾಯಕ್ಕೆ ಇಷ್ಟು. ತೊಂದರೆಯಾಗಿದ್ದು ‘ನಿಯಾನ್ ಜೆನೆಸಿಸ್ ಇವ್ಯಾಂಜೆಲಿಯನ್’ ಹತ್ತಿರ. 1995ರಲ್ಲಿ ಶುರುವಾದ ಈ ಸರಣಿಯ 26 ಕಂತುಗಳಲ್ಲಿ ಕೊನೆಯ ಎರಡು, ದೈತ್ಯಯಂತ್ರಗಳ ಕಾಳಗವನ್ನು ಅಲ್ಲಿಗೇ ಬಿಟ್ಟು ಕಥಾನಾಯಕ ಹುಡುಗನ ಮನಸ್ಸಿನೊಳಗೆ ಹೊಕ್ಕು ಕೂರುತ್ತವೆ. ಅಭಿಮಾನಿಗಳು ಕೆರಳಿದರು. 1997ರಲ್ಲಿ ಸಿನಿಮಾ ರೂಪದಲ್ಲಿ ಬೇರೆಯದೇ ಮುಕ್ತಾಯ ಬಂತು. ಹಾಗಾಗಿ ಹಾಳೆಯಲ್ಲಿ ಅದಕ್ಕೆ ಎರಡು ಅಂಕ: ಒಂದು ಮೂಲದ್ದು, ಇನ್ನೊಂದು ಮರುಮೌಲ್ಯಮಾಪನದ್ದು.

‘ಹರುಹಿ ಸುಜುಮಿಯಾ’ ಇನ್ನೂ ಕಿಲಾಡಿ. 2009ರಲ್ಲಿ ಅದು ಹೆಚ್ಚುಕಡಿಮೆ ಒಂದೇ ಕಥೆಯನ್ನು ಎಂಟು ವಾರ ಸತತವಾಗಿ ತೋರಿಸಿತು. ಪಾತ್ರಗಳು ಬೇಸಿಗೆ ರಜೆಯ ಕಾಲಚಕ್ರದಲ್ಲಿ ಸಿಕ್ಕಿಕೊಂಡಿವೆ ಎಂಬುದು ನೆಪ. ಪ್ರತಿ ಸಲವೂ ಚಿತ್ರ ಹೊಸದಾಗಿ ಬರೆದು, ದನಿಯನ್ನೂ ಹೊಸದಾಗಿ ಕೊಟ್ಟಿದ್ದರಂತೆ, ಪುಣ್ಯಾತ್ಮರು! ಇಂಥದ್ದನ್ನು ಒಂದು ಸಲ ನೋಡಿದರೆ ಎಂಟು ಸಲ ನೋಡಿದಂತೆಯೇ; ಮರುವೀಕ್ಷಣೆಯ ಕಾಲಂನಲ್ಲಿ ಮಹಾಶಯರು ‘ಮುಗಿದಿದೆ’ ಎಂದು ಬರೆದು ಕೈತೊಳೆದುಕೊಂಡರು.

ಡಿಸ್ಕುಗಳದ್ದು ಮತ್ತೊಂದು ರಾಮಾಯಣ. ಡಿವಿಡಿಯ ಲೆಕ್ಕದಲ್ಲಿ ಜಪಾನೂ ಜರ್ಮನಿಯೂ ಒಂದೇ ವಲಯ, ಎರಡನೆಯದು, ಭಾರತ ಐದನೆಯದು. ಜಪಾನಿನಿಂದ ತರಿಸಿದ ಡಿಸ್ಕು ಎರ್ಲಾಂಗೆನ್‌ನ ಪ್ಲೇಯರಿನಲ್ಲಿ ಬಂಧುವಿನಂತೆ ಒಳಗೆ ಹೋಗುತ್ತದೆ, ಐದರ ಮುದ್ರೆ ಹೊತ್ತು ಬೆಂಗಳೂರಿನಿಂದ ಬಂದದ್ದು ಉಗುಳಿಸಿಕೊಂಡು ಹೊರಗೆ ಬರುತ್ತದೆ. ಬ್ಲೂ-ರೇ ಬಂದಾಗ ಈ ನೆಂಟಸ್ತಿಕೆಯೂ ಮುರಿಯಿತು. ಜಪಾನು ಎ, ಜರ್ಮನಿ ಬಿ, ಭಾರತ ಸಿ. ಅಲ್ಲಿಗೆ ಮನೆಯಲ್ಲಿ ಎರಡು ಪ್ಲೇಯರುಗಳಾದವು. ಯಾವ ರಿಮೋಟು ಯಾವುದಕ್ಕೆ ಎಂಬ ಜ್ಞಾನ ಮಗಳೊಬ್ಬಳಿಗೇ ಇದೆ.

ಪಟ್ಟಿಯ ನೆತ್ತಿಯ ಮೇಲೆ ಕೂತಿರುವುದು ‘ಮಾನ್‌ಸ್ಟರ್’. ನಾವೊಕಿ ಉರಾಸಾವಾ ಅವರ ಮಾಂಗಾ ಕಾಮಿಕ್ಸ್ ಆಧರಿಸಿ 2004-05ರಲ್ಲಿ ಪ್ರಸಾರವಾದ 74 ಕಂತುಗಳು. ಡ್ಯೂಸೆಲ್‌ಡಾರ್ಫ್‌ನ ಆಸ್ಪತ್ರೆಯಲ್ಲಿ ಡಾಕ್ಟರ್ ತೆನ್ಮಾ ಎಂಬ ಜಪಾನಿ ಮಿದುಳು ಶಸ್ತ್ರವೈದ್ಯ ಮೇಯರ್ ಸಾಹೇಬರನ್ನು ಬಿಟ್ಟು, ತಲೆಗೆ ಗುಂಡು ಬಿದ್ದ ಹುಡುಗನನ್ನು ಉಳಿಸುತ್ತಾನೆ. ಹುಡುಗ ಬೆಳೆದು ಕೊಲೆಗಡುಕನಾಗುತ್ತಾನೆ. ವೈದ್ಯ ಅವನ ಬೆನ್ನು ಹತ್ತಿ ಜರ್ಮನಿಯೆಲ್ಲ ಅಲೆಯುತ್ತಾನೆ. ನೂರಕ್ಕೆ ತೊಂಬತ್ತೆಂಟು! ಆದರೆ ಮರುವೀಕ್ಷಣೆಗೆಂದು ಕೈಗೆತ್ತಿಕೊಂಡಾಗಲೆಲ್ಲ, ‘ಇವತ್ತು ಬೇಡ, ನಾಳೆ ಆಫೀಸಿದೆ’ ಎಂದು ಮತ್ತೆ ಒಳಗಿಡುತ್ತಾರೆ. ಶೋಕೇಸಿನ ಬೆಳ್ಳಿ ತಟ್ಟೆಯಲ್ಲಿ ದಿನಾ ಯಾರು ಉಣ್ಣುತ್ತಾರೆ? ಮೊದಲ ಹತ್ತು ಸ್ಥಾನಗಳ ಮೇಲೆಲ್ಲ ಇಂಥದೇ ಗೌರವಾನ್ವಿತ ಧೂಳು.

ಸವೆದಿರುವ ಡಿಸ್ಕೇ ಬೇರೆ. ಮೂವತ್ತರ ಆಚೆ ಎಲ್ಲೋ ಬಿದ್ದಿರುವ, ಆಲ್ಪ್ಸ್ ಬೆಟ್ಟದಲ್ಲಿ ಅಜ್ಜನ ಜೊತೆ ಬೆಳೆಯುವ ಹುಡುಗಿಯ ಕಥೆ ‘ಹೈಡಿ’. ಇಸಾವೊ ತಕಾಹಾತಾ ನಿರ್ದೇಶಿಸಿ, ಹಯಾವೊ ಮಿಯಾಜಾಕಿ ದೃಶ್ಯವಿನ್ಯಾಸ ಮಾಡಿದ 1974ರ ಸರಣಿ. ಆಲ್ಪ್ಸ್ ಹೇಗಿದೆಯೆಂದು ನೋಡಲು ತಂಡ ಮೊದಲೇ ಸ್ವಿಟ್ಜರ್ಲೆಂಡಿಗೆ ಹೋಗಿಬಂದಿತ್ತು. ಜರ್ಮನಿಯ ಜೆಡ್‌ಡಿಎಫ್ ವಾಹಿನಿ 1977ರಿಂದ ಇದನ್ನು ಪ್ರಸಾರ ಮಾಡಿತು. ಮಹಾಶಯರ ಮೇಲಂತಸ್ತಿನ ಹಿರಿಯರು ಇದು ಜಪಾನಿನದೆಂದು ಒಪ್ಪಲು ಇವತ್ತಿಗೂ ತಯಾರಿಲ್ಲ. ‘ಮಾಯಾ ಎಂಬ ಜೇನ್ನೊಣ’ದ ಜರ್ಮನ್ ಶೀರ್ಷಿಕೆಗೀತೆ ಹಾಡಿದವರು ಜೆಕ್ ಗಾಯಕ ಕಾರೆಲ್ ಗಾಟ್, ಬಿಡಿಸಿದವರು ಜಪಾನೀಯರು ಎಂದರೆ ಅವರು ಇನ್ನಷ್ಟು ನೊಂದುಕೊಳ್ಳುತ್ತಾರೆ.

ಹೈಡಿಯ ನಿಜವಾದ ಅಭಿಮಾನಿ ಮಾತ್ರ ಮಹಾಶಯರ ತಾಯಿ. ಷೆಂಗೆನ್ ವೀಸಾ ಕೊಡುವ 90 ದಿನಗಳಿಗೆಂದು ಬಂದವರಿಗೆ ಜರ್ಮನ್ ಬಾರದು, ಜಪಾನಿ ಬಾರದು. 52 ಕಂತೂ ಅರ್ಥವಾಯಿತು. ಬೆಟ್ಟದ ಮೇಲಿನ ಅಜ್ಜ ಬೆಂಕಿಗೆ ಚೀಸ್ ಹಿಡಿದು ಕರಗಿಸಿ ಬ್ರೆಡ್ಡಿಗೆ ಸವರುವ ದೃಶ್ಯಕ್ಕೆ ಜಗತ್ತೆಲ್ಲ ಬಾಯಲ್ಲಿ ನೀರೂರಿಸಿಕೊಂಡರೆ, ಅವರು, “ಲೋ, ದಿನಾ ಇದನ್ನೇ ಕೊಡ್ತಾನಲ್ಲೋ ಆ ಮಗೂಗೆ! ಒಂದು ತಿಳಿಸಾರು ಮಾಡಬಾರ್ದಾ?” ಎಂದರು. ಫ್ರಾಂಕ್‌ಫರ್ಟಿನ ಮನೆಯಲ್ಲಿ ಹೈಡಿಯನ್ನು ಗೋಳು ಹುಯ್ದುಕೊಳ್ಳುವ ಫ್ರಾಯ್ಲೈನ್ ರಾಟನ್‌ಮೈಯರ್ ಬಂದಾಗಲೆಲ್ಲ, “ಬಂದ್ಲು ನೋಡು ಮಾರಿ” ಎಂದು ಹೂಬತ್ತಿ ಹೊಸೆಯುವುದನ್ನು ನಿಲ್ಲಿಸುತ್ತಿದ್ದರು. ಅದೇ ಮನೆಯ ಹುಡುಗಿ ಕ್ಲಾರಾ ಗಾಲಿಕುರ್ಚಿ ಬಿಟ್ಟು ಎದ್ದು ನಿಂತ ಸಂಜೆ ಮನೆಯಲ್ಲಿ ಪಾಯಸ.

ಎರ್ಲಾಂಗೆನ್‌ನಲ್ಲಿ 1984ರಿಂದ ಎರಡು ವರ್ಷಕ್ಕೊಮ್ಮೆ ಅಂತಾರಾಷ್ಟ್ರೀಯ ಕಾಮಿಕ್ ಸಲೋನ್ ನಡೆಯುತ್ತದೆ. ಅದರ ಮ್ಯಾಕ್ಸ್ ಉಂಡ್ ಮೋರಿಟ್ಸ್ ಪ್ರಶಸ್ತಿಗೆ ಜರ್ಮನ್ ಕಾಮಿಕ್ಸ್ ಲೋಕದಲ್ಲಿ ಭಾರೀ ಬೆಲೆ. ಬಹುಮಾನವೆಂದರೆ ಅಲ್ಲಿ ತೀರ್ಪುಗಾರರ ಮಂಡಳಿ ಇರುತ್ತದೆ, ಚರ್ಚೆಯಾಗುತ್ತದೆ. ಮಹಾಶಯರ ಮನೆಯಲ್ಲಿ ತೀರ್ಪುಗಾರರೂ ಅವರೇ, ಪ್ರತಿಭಟಿಸುವವರೂ ಅವರೇ.

ಈಗ ಇತ್ಯರ್ಥವಾಗದೆ ಉಳಿದಿರುವುದು ‘ಒನ್ ಪೀಸ್’ ಒಂದೇ. 1999ರಿಂದ ಓಡುತ್ತಿರುವ ಅದು 1,100 ಕಂತು ದಾಟಿದೆ. ದಿನಕ್ಕೆ ಮೂರರಂತೆ ನೋಡಿದರೂ ವರ್ಷ ಕಳೆಯುತ್ತದೆ. ಮರಳಿ ನೋಡದೆ ಅಂಕ ಕೊಡುವುದು ಅನ್ಯಾಯ ಎಂದು ಯೋಚಿಸಿ ಅವರು ಅದರ ಮುಂದೆ ‘ನಿವೃತ್ತಿಯ ನಂತರ’ ಎಂದು ಬರೆದಿದ್ದಾರೆ. ಜರ್ಮನಿಯಲ್ಲಿ ಈ ತಲೆಮಾರಿಗೆ ಪೂರ್ತಿ ಪಿಂಚಣಿ 67ಕ್ಕೆ.

“ರೀ, ಟಿವೀನೂ ಆಗ್ಲೇ ದೊಡ್ಡದು ತಗೊಳ್ಳಿ,” ಎಂದರು ಹೆಂಡತಿ, “ಅಷ್ಟೊತ್ತಿಗೆ ನಿಮಗೆ ಸಬ್‌ಟೈಟಲ್ ಕಾಣಬೇಕಲ್ಲ.”