ಶಟರ್ ಹಾಕಿದ ಕೊಟ್ಟಿಗೆ

ಚಂದ್ರಬಂಡದಲ್ಲಿ ಮನೆ ಮಾರುವವರು ಚಹಾದಂಗಡಿಯಲ್ಲಿ ಕೂತು ಒಬ್ಬರ ಕಿವಿಯಲ್ಲಿ, "ಯಾರಿಗೂ ಹೇಳಬ್ಯಾಡ" ಅಂತ ಹೇಳುತ್ತಾರೆ. ಸಂಜೆಯೊಳಗೆ ಹೋಬಳಿಗೆಲ್ಲ ಸುದ್ದಿ ಮುಟ್ಟುತ್ತದೆ. ಇದಕ್ಕೆ ಖರ್ಚು ಎರಡು ಕಪ್ಪು ಚಹಾ. ನಾನು ನಿವೃತ್ತ ಮಾಸ್ತರ, ಓದಿದವನು. ಮೊದಲು ಬೆಲೆ ಏರಿಸಿ ಆಮೇಲೆ ಮಾರಬೇಕೆಂಬ ಶಾಸ್ತ್ರ ಹಿಡಿದೆ.

ಶಾಸ್ತ್ರ ಬಂದದ್ದು ಅಮೆರಿಕದಿಂದ. ಅಲ್ಲಿ 'ಕಾಸ್ಟ್ ವರ್ಸಸ್ ವ್ಯಾಲ್ಯೂ' ಅಂತ ಒಂದು ವರದಿ ವರ್ಷವೂ ಬರುತ್ತದೆ. ಮನೆಗೆ ಏನು ಮಾಡಿಸಿದರೆ ಮಾರುವಾಗ ಎಷ್ಟು ಮರಳಿ ಬಂದೀತು ಎಂಬ ಲೆಕ್ಕ. 2024ರಲ್ಲಿ ಮೊದಲ ಸ್ಥಾನ ಗ್ಯಾರೇಜಿನ ಬಾಗಿಲಿಗೆ. 100 ಹಾಕಿದರೆ 194ರ ಹತ್ತಿರ ಹುಟ್ಟುತ್ತದಂತೆ. ನಮ್ಮಲ್ಲಿ ಗ್ಯಾರೇಜಿಲ್ಲ. ಬಾಗಿಲ ಪಕ್ಕ ನಿಲ್ಲುವುದು ಒಂದು ಎಮ್ಮೆ. ಇರಲಿ, ನಿಲ್ಲುತ್ತದಲ್ಲ ಎಂದು ಅದರ ಕೊಟ್ಟಿಗೆಗೇ ರಾಯಚೂರಿನಿಂದ ರೋಲಿಂಗ್ ಶಟರ್ ತರಿಸಿ ಕೂರಿಸಿದೆ.

ಮರುದಿನ ನಸುಕಿನಲ್ಲಿ ಶಟರ್ ಎತ್ತಿದ ಸದ್ದಿಗೆ ಎಮ್ಮೆ ಹಗ್ಗ ಹರಿದುಕೊಂಡು ಹೋಯಿತು. ಅದು ಮಧ್ಯಾಹ್ನ ತಾನೇ ಬಂತು, ಹಾಲು ಮಾತ್ರ ಬರಲಿಲ್ಲ. ಬಂದವರು ಬೇರೆ: ಒಬ್ಬ ಹುಡುಗ ಶಾಂಪೂ ಪಾಕೀಟು ಕೇಳಿದ, ಒಬ್ಬ ಮುದುಕ ಬೀಡಿ ಕೇಳಿದ. ಶಟರ್ ಕಂಡ ಮೇಲೆ ಅಂಗಡಿ ಎಂದು ತಿಳಿಯದೆ ಇನ್ನೇನು? ಕರ ವಸೂಲಿಗೆ ಬಂದವನಂತೂ ಒಳಗೆ ಇಣುಕಿ, ಎಮ್ಮೆಯನ್ನು ನೋಡಿಯೂ, "ಇದು ವಾಣಿಜ್ಯ ಆಯ್ತಲ್ರಿ ಮಾಸ್ತರ್ರೆ" ಎಂದ. ಡೈರಿ ಎಂದು ಬರೆದುಕೊಂಡನೋ ಏನೋ.

ಶಾಸ್ತ್ರವನ್ನು ಅರ್ಧಕ್ಕೆ ಬಿಡಬಾರದು. ಪಡಸಾಲಿಯ ಮಾಳಗಿ ಇಳಿಸಿದೆ. ಜಂತಿ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಮೊಣಕೈ ಉದ್ದ ಮಣ್ಣು, ಮಳೆಗಾಲಕ್ಕೆ ಮುಂಚೆ ಒಂದು ಪದರ ಸವುಳು ಮಣ್ಣು: ಅಜ್ಜ ಕಟ್ಟಿದ ಆ ಮಾಳಗಿಯ ಕೆಳಗೆ ಮೇ ತಿಂಗಳ ಮಧ್ಯಾಹ್ನವೂ ಕಣ್ಣಿಗೆ ನಿದ್ದೆ ಹತ್ತುತ್ತಿತ್ತು. ಅದರ ಜಾಗಕ್ಕೆ ಆರ್‌ಸಿಸಿ ಸ್ಲ್ಯಾಬು ಬಂತು. ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಮ್ಮ ಮೇಲೆ ಕಾರುತ್ತದೆ. ಅದನ್ನು ಮುಚ್ಚಲು ಕೆಳಗೊಂದು ಪಿಒಪಿ ಸೀಲಿಂಗು ಮಾಡಿಸಿದೆ. ಆಗ ಫ್ಯಾನು ನನ್ನ ತಲೆಯ ಸಮೀಪಕ್ಕೆ ಇಳಿಯಿತು, ಮೇಲಿನ ಸಂದಿಯಲ್ಲಿ ಇಲಿಗಳು ಬಾಡಿಗೆಯಿಲ್ಲದೆ ಸಂಸಾರ ಹೂಡಿದವು. ಈಗ ನಾವಿಬ್ಬರೂ ಮಲಗುವುದು ಸ್ಲ್ಯಾಬಿನ ಮೇಲೆ, ಬಯಲಿಗೆ. "ಲಕ್ಷಗಟ್ಟಲೆ ರೊಕ್ಕ ಹಾಕಿ ಹೊರಗ ಮಲಗೋದು ಕಲಿಸಿದ್ರಿ ನೋಡ್ರಿ" ಎನ್ನುತ್ತಾಳೆ ಮನೆಯಾಕೆ. ಆಕೆಯ ಮಾತಿಗೆ ಉತ್ತರ ಕೊಡುವ ರೂಢಿ ನನಗಿಲ್ಲ.

ನೆಲದ ಶಹಾಬಾದ್ ಪರಸಿ ಕೀಳಿಸಿ ಇಲಕಲ್ ಗ್ರಾನೈಟು ಹಾಸಿಸಿದೆ, ಪಾಲಿಶ್ ಮಾಡಿದ್ದು. "ಮಾಸ್ತರ್ರೆ, ಇದರಾಗ ನಿಮ್ ಮಾರಿ ಕಾಣ್ತೈತಿ ನೋಡ್ರಿ" ಎಂದು ಗೌಂಡಿ ಹೆಮ್ಮೆಯಿಂದ ತೋರಿಸಿದ. ನೋಡಿದೆ. ಗೌಂಡಿಗೆ ಬಾಕಿ ಕೊಡಬೇಕಾದವನ ಮಾರಿ.

ನಮ್ಮ ಸೀಮೆಯ ಚರಿತ್ರೆ ಓದಿಯೂ ನಾನು ಹೀಗೆ ಮಾಡಿದೆ ಎಂಬುದೇ ಸೋಜಿಗ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋಆಬ್ ನೆಲದಷ್ಟು ಸಲ ಕೈ ಬದಲಾಯಿಸಿದ ಆಸ್ತಿ ಸಿಗುವುದು ಅಪರೂಪ. 1294ರಲ್ಲಿ ಕಾಕತೀಯರ ಕಡೆಯವನಾದ ವಿಠ್ಠಲನಾಥ ರಾಯಚೂರು ಕೋಟೆಗೆ ಗೋಡೆ ಎಬ್ಬಿಸಿದ. 40 ಅಡಿ ಮೀರಿದ ಒಂದೇ ಕಲ್ಲಿನ ಮೇಲೆ ಅದನ್ನು ಬರೆಸಿಯೂ ಇಟ್ಟ. 1520ರಲ್ಲಿ ಕೃಷ್ಣದೇವರಾಯ ಬಂದ. ಗೋಡೆ ಚಂದ ಐತಿ ಎಂದನೇ? ಪೋರ್ಚುಗೀಸರ ಕೈಯಲ್ಲಿ ಬಂದೂಕು ಹಾರಿಸಿ, ಆಳುಗಳ ಕೈಯಲ್ಲಿ ಕಲ್ಲು ಕೀಳಿಸಿದ. ಇನ್ನು 1853ರಲ್ಲಿ ಪಡೆಯ ಖರ್ಚಿನ ಬಾಕಿಗೆಂದು ನಿಜಾಮರು ಇಡೀ ದೋಆಬನ್ನೇ ಕಂಪನಿ ಸರಕಾರಕ್ಕೆ ಒಪ್ಪಿಸಿದ್ದರು, 1860ರಲ್ಲಿ ಮರಳಿ ಬಂತು. ಆ ಲೇವಾದೇವಿಯಲ್ಲಿ ಯಾರ ಪಡಸಾಲಿಯ ನೆಲ ಎಂಥದು ಎಂದು ಯಾರೂ ಕೇಳಿದಂತಿಲ್ಲ.

ಕಡೆಗೆ ದಲ್ಲಾಳಿ ಒಬ್ಬ ಗಿರಾಕಿಯನ್ನು ಕರೆತಂದ. ಗಿರಾಕಿ ಚಪ್ಪಲಿ ಬಿಡದೆ ಗ್ರಾನೈಟ್ ದಾಟಿದ, ತಲೆ ಎತ್ತದೆ ಸೀಲಿಂಗ್ ದಾಟಿದ, ಹಿತ್ತಲಿಗೆ ಹೋಗಿ ಹೆಜ್ಜೆಯಿಂದ ಜಾಗ ಅಳೆದ. ಬೋರಿನ ನೀರು ಒಂದು ಗುಟುಕು ಬಾಯಿಗೆ ಹಾಕಿ ಉಗುಳಿದ. "ಸವಳು. ನಳ ದಿನಾ ಬರ್ತೈತೇನ್ರಿ?" ಆಮೇಲೆ ಬೀದಿಗೆ ಬಂದು ಸೂರ್ಯನನ್ನು ನೋಡಿದ. "ಬಾಕಲಾ ದಕ್ಷಿಣಕ್ಕೈತಿ."

"ಹೌದ್ರಿ."

"ಹಂಗಾರ ಕೆಡವಬೇಕು. ಕೆಡವೋ ಖರ್ಚು ನಿಮ್ಮ ರೇಟಿನಾಗ ಮುರಕೊಳ್ತೀನಿ."

ಅಷ್ಟಕ್ಕೇ ನಿಲ್ಲಲಿಲ್ಲ. ಛಾವಣಿ ಎಂಥದು, ನೆಲ ಎಂಥದು ಎಂದು ನೋಡಿ ಸರಕಾರ ಕಟ್ಟಡಕ್ಕೆ ಮಾರ್ಗಸೂಚಿ ಬೆಲೆ ಕಟ್ಟುತ್ತದೆ. ಅದರ ಮೇಲೆ ಮುದ್ರಾಂಕ ಶುಲ್ಕ. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. "ನಿಮ್ಮ ಸ್ಲ್ಯಾಬು, ನಿಮ್ಮ ಗ್ರಾನೈಟು. ನಾ ಕೆಡವೋ ಮನಿಗೆ ನಾ ಯಾಕ ಜಾಸ್ತಿ ಕಟ್ಟಲಿ? ಅದೂ ಮುರಕೊಳ್ತೀನಿ" ಎಂದ. ಹೀಗೆ ಮುರಿಯುತ್ತ ಹೋದರೆ ನಾನೇ ಆತನಿಗೆ ಏನಾದರೂ ಕೊಟ್ಟು ಕಳಿಸಬೇಕಾದೀತೆಂದು ಹೆದರಿ ಎಮ್ಮೆಯನ್ನು ತೋರಿಸಲಿಲ್ಲ.

ಹೊರಡುವಾಗ ಕೇಳಿದ: "ಫಾರಂ 9, 11 ಅದಾವೇನ್ರಿ?"

ಪಂಚಾಯಿತಿ ಆಸ್ತಿಗಳ ಕಂಪ್ಯೂಟರ್ ದಾಖಲೆಯಾದ ಇ-ಸ್ವತ್ತು ಬಂದದ್ದು 2013ರಲ್ಲಿ. ಅಂದಿನಿಂದ ಹಳ್ಳಿಯ ಮನೆಗೆ ಈ ಎರಡು ಹಾಳೆಗಳೇ ಪ್ರಾಣ. ನಮ್ಮ ಮನೆ ಇನ್ನೂ ಅಜ್ಜನ ಹೆಸರಿನಲ್ಲಿದೆ. ಅಜ್ಜ ಫಾರಂ ತುಂಬುವ ಸ್ಥಿತಿಯಲ್ಲಿಲ್ಲ. ಹೆಸರು ಬದಲಿಸುವ, ಬೆಲೆ ನಿಜವಾಗಿ ಏರಿಸುವ ಆ ಒಂದು ಕೆಲಸಕ್ಕೆ ಗೌಂಡಿ ಬೇಡ, ಉಸುಕು ಬೇಡ, ವಾರಸುದಾರರ ಸೈ ಸಾಕು. ಅಣ್ಣ ಮಾನ್ವಿಯಲ್ಲಿ, ತಂಗಿ ದೇವದುರ್ಗದಲ್ಲಿ. ಹಳೆಯ ಮಾಳಗಿ ಇದ್ದಾಗ ಕೇಳಿದ್ದರೆ ಬಸ್ ಚಾರ್ಜು ಕೊಟ್ಟರೆ ಸಾಕು, ಬಂದು ಸೈ ಹಾಕಿ ಹೋಗುತ್ತಿದ್ದರು.

ಈಗ ಇಬ್ಬರೂ ಬಂದರು. ಶಟರ್ ಮೇಲಕ್ಕೂ ಕೆಳಕ್ಕೂ ಎಳೆದು ನೋಡಿದರು. ತಂಗಿ ಗ್ರಾನೈಟಿನಲ್ಲಿ ಕುಂಕುಮ ಸರಿಮಾಡಿಕೊಂಡಳು. ಅಣ್ಣ ಸೀಲಿಂಗಿನ ಹೂವು ಎಣಿಸಿದ. ಗಿರಾಕಿ ಮುರಿದದ್ದನ್ನೆಲ್ಲ ಇವರು ಕೂಡಿಸಿದರು. ಅವರು ಹೇಳಿದ ಬೆಲೆ ಕೇಳಿ ನನಗೂ ಮೈ ಜುಮ್ಮೆಂದಿತು. ನನ್ನ ಶಾಸ್ತ್ರವನ್ನು ಇಷ್ಟು ಚೆನ್ನಾಗಿ ಅರಿತವರು ಮನೆಯೊಳಗೇ ಇದ್ದರು! ಆ ಬೆಲೆಯಲ್ಲಿ ಮೂರು ಪಾಲು, ಒಂದೊಂದು ಪಾಲು ಮುಂಗಡ ಕೊಟ್ಟರೆ ಸೈ.

ನನಗೊಂದು ಉಪಾಯ ಹೊಳೆಯಿತು. "ತಂಗ್ಯವ್ವಾ, ಇದೇ ರೇಟಿಗೆ ನೀನ ತಗೊಂಡುಬಿಡು. ನಮ್ಮಿಬ್ಬರ ಪಾಲು ಕೊಡು, ಸಾಕು."

ಆಕೆ ಗ್ರಾನೈಟಿನಿಂದ ಮುಖ ಎತ್ತಿದಳು. "ನಾ ತಗೊಂಡು ಏನ್ ಮಾಡಲಿ ಯಣ್ಣಾ? ಬಾಕಲಾ ದಕ್ಷಿಣಕ್ಕೈತಿ. ಕೆಡವಬೇಕಾಗ್ತೈತಿ."